ಹೆಳವ ಹೇಳದ ಹೆಸರುಗಳು: ಲಗ್ಗೆರೆಯ ಒಂದು ಮನೆಯ ಪ್ರಕರಣ

ಹುಡುಗನಿಗೆ ಆರು ವರ್ಷ, ಒಂದನೇ ಕ್ಲಾಸು. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾರೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಲಗ್ಗೆರೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನಾಲ್ಕು ವರ್ಷದ ತಂಗಿ ಇದ್ದಾಳೆ. ಅಮ್ಮನ ತಾಯಿ, ಅಂದರೆ ಅಜ್ಜಿ, ಕುಣಿಗಲ್ ಕಡೆಯವರು. ಮಗಳ ಜೊತೆಗೇ ಇದ್ದಾರೆ. ನಾನು ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವವಳು. ಈ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಬರುವ ಮೊದಲು ಹುಡುಗ ನಾಲ್ಕು ತಿಂಗಳು ಕಾಮಾಲೆಯ ಪಥ್ಯದಲ್ಲಿದ್ದ. ಯಾವುದೋ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಎಎಲ್‌ಟಿ, ಎಎಸ್‌ಟಿ ಎರಡೂ ಜಾಸ್ತಿ ಬಂದಿದ್ದವು. ಲಿವರ್ ಸರಿಯಿಲ್ಲ ಅಂದರಂತೆ. ಎಣ್ಣೆ ಬಿಡಿಸಿದರು. ದಿನಾ ಬೆಳಿಗ್ಗೆ ನೆಲನೆಲ್ಲಿ ರಸ ಕುಡಿಸಿದರು. ಅಂಕಿ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಆ ಎರಡು ಕಿಣ್ವಗಳು ಲಿವರ್‌ನಲ್ಲಿ ಮಾತ್ರ ಇರುವುದಿಲ್ಲ, ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಒಡೆದರೂ ಅವು ರಕ್ತಕ್ಕೆ ಬರುತ್ತವೆ. ಕಣ್ಣು ಹಳದಿಯಾಗಿಲ್ಲ, ಲಿವರಿನ ಬೇರೆ ಪರೀಕ್ಷೆಗಳಾದ ಬಿಲಿರುಬಿನ್, ಜಿಜಿಟಿ ಸರಿಯಿವೆ, ಆದರೂ ಇವೆರಡೇ ಏರಿವೆ ಎಂದರೆ ಸ್ನಾಯು ಒಡೆಯುತ್ತಿದೆಯೇ ಎಂದು ತೋರಿಸುವ ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಬರೆದರೆ ಸಾಕು. ಹೆಚ್ಚು ಖರ್ಚೂ ಇಲ್ಲದ ಪರೀಕ್ಷೆ ಅದು. ಗಂಡು ಮಗುವಿನಲ್ಲಿ ಇದನ್ನು ಮರೆಯಬೇಡಿ ಎಂದು ಕಂಡ ಕಂಡ ವೈದ್ಯರಿಗೆಲ್ಲ ನಾನು ಹೇಳುತ್ತಲೇ ಇರುತ್ತೇನೆ.

ಅಪ್ಪನಿಗೆ ಅನುಮಾನ ಬಂದಿದ್ದು ಲಾಲ್‌ಬಾಗಿನಲ್ಲಿ. ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದರು. ಬಂಡೆ ಹತ್ತುವಾಗ ಮೂರು ವರ್ಷದ ಮಕ್ಕಳೂ ಓಡಿಕೊಂಡು ಹೋಗುತ್ತಿದ್ದವು. ಇವನು ಅರ್ಧಕ್ಕೆ ಕೂತುಬಿಟ್ಟ. ಏಳುವಾಗ ಮೊದಲು ಕೈ ನೆಲಕ್ಕೆ ಊರಿದ. ಆಮೇಲೆ ಮೊಣಕಾಲು, ತೊಡೆ ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದವನ ಹಾಗೆ ಎದ್ದು ನಿಂತ. ಅಪ್ಪ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟಿದ್ದರು. ಆ ವಿಡಿಯೊ ಹನ್ನೆರಡು ಸೆಕೆಂಡಿನದು. ಅದನ್ನು ನೋಡಿದ ಮಕ್ಕಳ ನರರೋಗ ತಜ್ಞರಿಗೆ ಬೇರೆ ಏನೂ ಬೇಕಾಗಲಿಲ್ಲ. ಹೀಗೆ ಏಳುವುದನ್ನು ಗೋವರ್ಸ್ ಚಿಹ್ನೆ ಎನ್ನುತ್ತಾರೆ. ಸೊಂಟ, ತೊಡೆಯ ಸ್ನಾಯು ಸೋತಾಗ ಕೈಗಳು ಆ ಕೆಲಸ ಮಾಡುತ್ತವೆ. ಮೀನಖಂಡ ಮಾತ್ರ ದಪ್ಪಗೆ, ಗಟ್ಟಿಯಾಗಿತ್ತು. "ಪೈಲ್ವಾನ್ ಕಾಲು" ಎಂದು ಮನೆಯವರು ಮುದ್ದು ಮಾಡುತ್ತಿದ್ದ ಕಾಲು ಅದು.

ಸಿಪಿಕೆ 14,000 ದಾಟಿತ್ತು. ಸಾಮಾನ್ಯವಾಗಿ ಇರಬೇಕಾದ್ದು ಇನ್ನೂರರ ಒಳಗೆ. ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಒಂದು ಜೀನ್ ಕೆಟ್ಟು ಸ್ನಾಯುಗಳು ವರ್ಷ ವರ್ಷ ಸೋಲುತ್ತಾ ಹೋಗುವ ಕಾಯಿಲೆ ಇರಬಹುದು, ಜೀನ್ ಪರೀಕ್ಷೆ ಮಾಡಿಸಬೇಕು ಎಂದು ತಜ್ಞರು ನನ್ನಲ್ಲಿಗೆ ಕಳಿಸಿದರು.

ಮೊದಲ ದಿನ ಅಪ್ಪ ಕೇಳಿದ ಮಾತು ನನಗೆ ಹೊಸದಲ್ಲ. "ಮೇಡಂ, ನಾವು ಸಂಬಂಧದಲ್ಲಿ ಮದುವೆ ಆದವರಲ್ಲ. ಹೊರಗಿನ ಹೆಣ್ಣು ತಂದಿದ್ದು. ಹಾಗಿದ್ದ ಮೇಲೆ ವಂಶದ ಕಾಯಿಲೆ ಹೇಗೆ ಬರುತ್ತೆ?" ಸೋದರಮಾವ, ಅತ್ತೆ ಮಗ ಎಂದು ನಮ್ಮಲ್ಲಿ ಹತ್ತಿರದ ಸಂಬಂಧದ ಮದುವೆಗಳು ಬಹಳ ಕಾಲದಿಂದ ನಡೆದಿವೆ. ಅದರಿಂದ ಕೆಲವು ಕಾಯಿಲೆ ಜಾಸ್ತಿ ಎಂಬ ಮಾತು ಈಗ ಹಳ್ಳಿಗಳಿಗೂ ತಲುಪಿದೆ. ಅದು ನಿಜ. ಅಪ್ಪ, ಅಮ್ಮ ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದ್ದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ರಕ್ತಸಂಬಂಧದಲ್ಲಿ ಹೆಚ್ಚುತ್ತವೆ. ಆದರೆ ಇದರ ಇನ್ನೊಂದು ಮಗ್ಗುಲು ಜನಕ್ಕೆ ತಲುಪಿಲ್ಲ. ಹೊರಗೆ ಮದುವೆಯಾದರೆ ಏನೂ ಬರುವುದಿಲ್ಲ ಎಂದುಕೊಂಡಿದ್ದಾರೆ. ಡುಷೆನ್ ಎಕ್ಸ್ ಕ್ರೋಮೋಸೋಮಿನ ಮೇಲಿರುವ ಜೀನಿನ ಕಾಯಿಲೆ. ಅಂಥದ್ದಕ್ಕೆ ಸಂಬಂಧವೂ ಒಂದೇ, ಹೊರಗೂ ಒಂದೇ.

ಪೆನ್ನು ಹಿಡಿದು ವಂಶವೃಕ್ಷ ಬರೆಯಲು ಕೂತೆ. ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು. ಅಪ್ಪ ತಮ್ಮ ಕಡೆಯದನ್ನು ಗಡಗಡ ಹೇಳಿದರು: ತಾತ, ಮುತ್ತಾತ, ಅವರ ಅಣ್ಣತಮ್ಮಂದಿರು, ಮನೆದೇವರು, ಬೆಡಗು. ಅಜ್ಜಿಗೂ ಗಂಡನ ಮನೆಯ ಐದು ತಲೆಮಾರು ಬಾಯಲ್ಲೇ ಇತ್ತು. "ಹೆಳವ ಬರ್ತಿದ್ದ ನೋಡಿ, ಎತ್ತಿನ ಮೇಲೆ ಕೂತು. ಬಾಗಿಲಲ್ಲಿ ನಿಂತು ಎಲ್ಲಾ ಹೆಸರೂ ಹೇಳ್ತಿದ್ದ" ಅಂದರು. ಹೆಳವರೆಂದರೆ ಮನೆ ಮನೆಗೆ ಬಂದು ವಂಶಾವಳಿ ಹೇಳುವವರು.

"ಹೆಣ್ಣುಮಕ್ಕಳ ಹೆಸರು ಹೇಳ್ತಿದ್ನಾ ಅಜ್ಜಿ?"

ಅಜ್ಜಿ ಸ್ವಲ್ಪ ಯೋಚಿಸಿದರು. "ಕೊಟ್ಟ ಹೆಣ್ಣುಮಕ್ಕಳದ್ದು ಯಾಕೆ ಹೇಳ್ತಾನೆ? ಅವರು ಬೇರೆ ಮನೆಯವರಾದ್ರಲ್ವಾ."

ನನಗೆ ಬೇಕಾಗಿದ್ದು ಅವೇ ಹೆಸರುಗಳು. ಗಂಡಿನಿಂದ ಗಂಡಿಗೆ ಹೋಗುವ ದಾರಿಯನ್ನು ನಾವು ಬರೆದಿಡುತ್ತೇವೆ, ಹಾಡಿಸುತ್ತೇವೆ, ಶ್ರಾದ್ಧದಲ್ಲಿ ನೆನೆಯುತ್ತೇವೆ. ಈ ಕಾಯಿಲೆ ಆ ದಾರಿಯಲ್ಲಿ ಬರುವುದೇ ಇಲ್ಲ. ಅಪ್ಪ ಮಗನಿಗೆ ವೈ ಕೊಡುತ್ತಾನೆ, ಎಕ್ಸ್ ಕೊಡುವುದಿಲ್ಲ. ಹಾಗಾಗಿ ಅಪ್ಪನಿಂದ ಮಗನಿಗೆ ಇದು ದಾಟುವುದಿಲ್ಲ. ಅಮ್ಮನಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ನಡುವೆ ಒಬ್ಬ ಗಂಡು ಹುಡುಗನಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಊರು ಬದಲಾಗಿರುತ್ತದೆ, ಮನೆದೇವರು ಬದಲಾಗಿರುತ್ತದೆ. ಕುಣಿಗಲ್ಲಿನ ಹುಡುಗನಿಗೂ ಲಗ್ಗೆರೆಯ ಹುಡುಗನಿಗೂ ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

"ಅಜ್ಜಿ, ನಿಮಗೆ ಎಷ್ಟು ಮಕ್ಕಳು?" ಎಂದೆ. "ಇಬ್ಬರು ಹೆಣ್ಣುಮಕ್ಕಳು" ಅಂದರು. ಹುಡುಗನ ಅಮ್ಮ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು, "ಅಣ್ಣ ಇದ್ದ."

ಇದ್ದ. ಚೊಚ್ಚಲ ಮಗ. ಹತ್ತು ವರ್ಷಕ್ಕೆ ನಡೆಯುವುದು ನಿಂತಿತ್ತು. ಹದಿನೆಂಟಕ್ಕೆ ತೀರಿಕೊಂಡ. ಪೋಲಿಯೊ ಅಂದಿದ್ದರಂತೆ. ಅಜ್ಜಿ ಆ ಮಾತನ್ನು ಇಪ್ಪತ್ತೈದು ವರ್ಷದಿಂದ ಎದೆಯಲ್ಲಿಟ್ಟುಕೊಂಡು ಬದುಕಿದ್ದರು. ಲಸಿಕೆ ಹಾಕುವ ದಿನ ರಾಗಿ ಕೊಯ್ಲು ಇತ್ತು. ಹೊಲ ಬಿಟ್ಟು ಹೋಗಲಿಲ್ಲ. ಅದರಿಂದಲೇ ಮಗ ಹೋದ ಎಂದು ಅವರು ನಂಬಿದ್ದರು. ಮಗಳಿಗೂ ಅದನ್ನು ಹೇಳಿರಲಿಲ್ಲ.

ಮುಂದಿನ ಸಲ ಒಂದು ಫೋಟೊ ತಂದರು. ಸಿದ್ಧಗಂಗೆ ಜಾತ್ರೆಯಲ್ಲಿ ತೆಗೆಸಿದ್ದು. ಎಂಟು ವರ್ಷದ ಹುಡುಗ ಚಡ್ಡಿ ಹಾಕಿಕೊಂಡು ನಿಂತಿದ್ದಾನೆ. ಹೊಟ್ಟೆ ಮುಂದೆ, ಭುಜ ಹಿಂದೆ, ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗಿಲ್ಲ. ಎರಡೂ ಮೀನಖಂಡ ದಪ್ಪ. ಪೋಲಿಯೊ ಹೀಗಿರುವುದಿಲ್ಲ. ಅದು ಜ್ವರ ಬಂದು ಕೆಲವೇ ದಿನಗಳಲ್ಲಿ ಕಾಲು ಬೀಳಿಸುತ್ತದೆ. ಹೆಚ್ಚಾಗಿ ಒಂದು ಕಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಸ್ನಾಯು ಒಣಗಿ ಸಣ್ಣಗಾಗುತ್ತದೆ. ಈ ಹುಡುಗನಿಗೆ ಎರಡೂ ಕಾಲು ಒಂದೇ ಸಮ, ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಸೋತಿದ್ದವು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮೊಮ್ಮಗನನ್ನು ನಿಲ್ಲಿಸಿದೆ. ಅವನು ಅದೇ ಭಂಗಿಯಲ್ಲಿ ನಿಂತ. ಯಾರೂ ಮಾತಾಡಲಿಲ್ಲ.

"ಅಜ್ಜಿ, ನೀವು ಆವತ್ತು ಲಸಿಕೆ ಹಾಕಿಸಿದ್ದರೂ ಹೀಗೇ ಆಗುತ್ತಿತ್ತು. ಇದು ಪೋಲಿಯೊ ಅಲ್ಲ" ಎಂದೆ. ಆ ಮಾತು ಹೇಳುವಾಗ ನನಗೆ ಭಯವಿತ್ತು. ಒಂದು ತಪ್ಪಿನ ಭಾರ ಇಳಿಸಿ ಇನ್ನೊಂದನ್ನು ಹೊರಿಸುತ್ತಿದ್ದೇನಾ ಅಂತ. ಯಾಕೆಂದರೆ ಮಗನಲ್ಲೂ ಇತ್ತು, ಮಗಳ ಮಗನಲ್ಲೂ ಇದೆ ಎಂದರೆ ಅಜ್ಜಿಯಲ್ಲಿ ಆ ಜೀನ್ ಇರಲೇಬೇಕು. ಪರೀಕ್ಷೆಯೇ ಬೇಡ, ಹಾಳೆಯ ಮೇಲಿನ ಗೆರೆಗಳೇ ಅದನ್ನು ಹೇಳುತ್ತವೆ.

ಎರಡು ವಾರಕ್ಕೆ ಹುಡುಗನ ವರದಿ ಬಂತು. ಎಂಎಲ್‌ಪಿಎ ಎಂಬ ಪರೀಕ್ಷೆ. ಈ ಕಾಯಿಲೆಗೆ ಕಾರಣವಾದ ಡಿಸ್ಟ್ರೊಫಿನ್ ಜೀನಿನ ಒಂದೊಂದು ತುಂಡೂ ಇದೆಯೋ ಇಲ್ಲವೋ ಎಂದು ಎಣಿಸುತ್ತದೆ. ಡುಷೆನ್ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಒಂದು ಅಥವಾ ಹೆಚ್ಚು ತುಂಡು ಪೂರ್ತಿ ಬಿಟ್ಟೇ ಹೋಗಿರುತ್ತವೆ. ಹಾಗಾಗಿ ಮೊದಲು ಇದನ್ನೇ ಮಾಡುವುದು. ಇವನಲ್ಲಿ 48, 49, 50ನೇ ತುಂಡುಗಳು ಇರಲಿಲ್ಲ.

ಅಪ್ಪನಿಗೆ ಇದು ಅರ್ಥವಾಗಲೇಬೇಕು ಎಂದು ನನಗೆ ಹಠ. ಈ ಜೀನ್ ಮನುಷ್ಯನ ಅತಿ ಉದ್ದದ ಜೀನ್‌ಗಳಲ್ಲಿ ಒಂದು. ಸುಮಾರು 22 ಲಕ್ಷ ಡಿಎನ್‌ಎ ಅಕ್ಷರ. ಅದರಲ್ಲಿ ಪ್ರೋಟೀನ್ ಮಾಡುವ ಸೂಚನೆ 79 ತುಂಡುಗಳಲ್ಲಿ ಚದುರಿಕೊಂಡಿದೆ. ಅವೇ ಎಕ್ಸಾನ್‌ಗಳು. ಜೀವಕೋಶ ಅವನ್ನು ಜೋಡಿಸಿ, ಮೂರು ಮೂರು ಅಕ್ಷರವಾಗಿ ಓದುತ್ತದೆ. ಮೂರಕ್ಕೆ ಒಂದು ಪದ. ನಾನು ಹಾಳೆಯ ಮೇಲೆ ಬರೆದೆ:

ಕಮಲ ಶಾಲೆಗೆ ನಡೆದು ಹೋದಳು

ಎಲ್ಲವೂ ಮೂರಕ್ಷರದ ಪದ. ಈಗ ಒಂದೇ ಒಂದು ಅಕ್ಷರ, ಶಾಲೆಯ "ಲೆ" ಅಳಿಸಿದೆ. ಮತ್ತೆ ಮೂರು ಮೂರಾಗಿ ಓದಿ ಎಂದೆ:

ಕಮಲ ಶಾಗೆನ ಡೆದುಹೋ ದಳು

ಮುಂದಿನದ್ದೆಲ್ಲ ಕೆಟ್ಟುಹೋಯಿತು. ಇನ್ನೊಂದು ಸಲ ಪೂರ್ತಿ ವಾಕ್ಯ ಬರೆದು, ಈ ಸಲ "ನಡೆದು" ಎಂಬ ಇಡೀ ಪದವನ್ನೇ ತೆಗೆದೆ. ಕಮಲ ಶಾಲೆಗೆ ಹೋದಳು. ಏನೋ ಒಂದು ಕಳೆದುಹೋಗಿದೆ, ಆದರೂ ಅರ್ಥ ಇದೆ. ಮೂರು ಅಕ್ಷರ ಹೋದದ್ದು ಒಂದು ಅಕ್ಷರ ಹೋದದ್ದಕ್ಕಿಂತ ಮೇಲು.

ಹುಡುಗನಲ್ಲಿ ಹೋಗಿರುವುದು 186, 102, 109 ಅಕ್ಷರಗಳ ಮೂರು ತುಂಡು. ಒಟ್ಟು 397. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಒಂದರಿಂದಲೇ ಮುಂದಿನ ಓದು ಪೂರ್ತಿ ತಪ್ಪಿ, ಡಿಸ್ಟ್ರೊಫಿನ್ ಆಗುವುದೇ ಇಲ್ಲ. ಇದರ ಜೊತೆ 233 ಅಕ್ಷರದ 51ನೇ ತುಂಡೂ ಹೋಗಿದ್ದರೆ ಒಟ್ಟು 630 ಆಗುತ್ತಿತ್ತು. ಅದು ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಆಗ ಗಿಡ್ಡದಾದರೂ ಕೆಲಸ ಮಾಡುವ ಡಿಸ್ಟ್ರೊಫಿನ್ ಇರುತ್ತಿತ್ತು. ಕಾಯಿಲೆ ಬೆಕರ್ ಎಂಬ ಸೌಮ್ಯ ರೂಪದಲ್ಲಿ ಬರುತ್ತಿತ್ತು. ಇದನ್ನು ಎಷ್ಟು ಸಲ ಹೇಳಿದರೂ ನನ್ನೊಳಗೆ ಏನೋ ಕಲಕುತ್ತದೆ.

ಅಪ್ಪ ಹಾಳೆಯನ್ನೇ ನೋಡುತ್ತಿದ್ದರು. "ಥ್ರೆಡ್ ಹಾಕುವಾಗ ಪಿಚ್ ತಪ್ಪಿದ ಹಾಗೆ" ಅಂದರು. "ಒಂದು ಕಡೆ ತಪ್ಪಿದರೆ ಅಲ್ಲಿಂದ ಮುಂದೆ ನಟ್ ಕೂರಲ್ಲ." ಈಗ ಬೇರೆ ಅಪ್ಪಂದಿರಿಗೂ ನಾನು ಅವರ ಮಾತನ್ನೇ ಹೇಳುತ್ತೇನೆ.

ಡಿಸ್ಟ್ರೊಫಿನ್ ಇಲ್ಲದಿದ್ದರೆ ಏನಾಗುತ್ತದೆ? ಸ್ನಾಯುವಿನ ಕೋಶ ಪ್ರತಿ ಸಲ ಬಿಗಿದು ಸಡಿಲಿಸುವಾಗ ಅದರ ಪೊರೆ ಹರಿಯದ ಹಾಗೆ ಈ ಪ್ರೋಟೀನ್ ಹಿಡಿದುಕೊಂಡಿರುತ್ತದೆ. ಅದಿಲ್ಲದೆ ಪೊರೆ ಹರಿಯುತ್ತದೆ. ಮೈ ಅದನ್ನು ಸರಿಮಾಡುತ್ತದೆ, ಮತ್ತೆ ಹರಿಯುತ್ತದೆ. ವರ್ಷಗಳು ಕಳೆದಂತೆ ಸರಿಮಾಡುವ ಶಕ್ತಿ ಸೋತು, ಸ್ನಾಯುವಿನ ಜಾಗಕ್ಕೆ ಕೊಬ್ಬು, ನಾರು ಬರುತ್ತವೆ. ಪೈಲ್ವಾನ್ ಕಾಲಿನ ದಪ್ಪದಲ್ಲಿ ಇದೂ ಸೇರಿರುತ್ತದೆ.

ಹುಡುಗನ ಅಮ್ಮನ ವರದಿಯೂ ಬಂತು. ಅವರ ಒಂದು ಎಕ್ಸ್‌ನಲ್ಲಿ ಅದೇ ಮೂರು ತುಂಡು ಇಲ್ಲ. ಸಾಮಾನ್ಯವಾಗಿ ಇದನ್ನು ಪರೀಕ್ಷಿಸಿಯೇ ಹೇಳಬೇಕು. ಯಾಕೆಂದರೆ ಡುಷೆನ್ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ತಾಯಿಯಲ್ಲಿ ಇಲ್ಲದ ಬದಲಾವಣೆ ಹೊಸದಾಗಿ ಆಗಿರುತ್ತದೆ. ಇಲ್ಲಿ ಹಾಗಲ್ಲ.

ಮನೆಯಲ್ಲಿ ಮಾತು ಶುರುವಾಯಿತು. ಅಪ್ಪನ ತಾಯಿ ಊರಿಂದ ಫೋನ್ ಮಾಡಿ, "ಅವಳ ಕಡೆಯಿಂದ ಬಂದಿದ್ದು ತಾನೇ?" ಅಂದರಂತೆ. ಇಂಥ ಕಡೆ ಸುಳ್ಳು ಸಮಾಧಾನ ಹೇಳಬಾರದು. ಹೌದು, ಆ ಎಕ್ಸ್ ಅಮ್ಮನದ್ದು. ಆದರೆ ಅರ್ಧ ಸತ್ಯ ಹೇಳಿ ನಿಲ್ಲಿಸಲೂಬಾರದು. ಹೆಣ್ಣಿಗೆ ಎರಡು ಎಕ್ಸ್. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಗಂಡಿಗೆ ಒಂದೇ ಎಕ್ಸ್, ಜೊತೆಗೆ ಅಪ್ಪ ಕೊಟ್ಟ ವೈ. ಆ ಪುಟ್ಟ ವೈನಲ್ಲಿ ಡಿಸ್ಟ್ರೊಫಿನ್ ಜೀನ್ ಇಲ್ಲ. ಅಪ್ಪ ಎಕ್ಸ್ ಕೊಟ್ಟಿದ್ದರೆ ಮಗು ಹೆಣ್ಣಾಗುತ್ತಿತ್ತು, ಬಹುತೇಕ ಆರಾಮವಾಗಿರುತ್ತಿತ್ತು. ಅಮ್ಮ ತನ್ನ ಎರಡು ಎಕ್ಸ್‌ನಲ್ಲಿ ಇದನ್ನೇ ಕೊಡುತ್ತೇನೆ ಎಂದು ಆರಿಸಲಿಲ್ಲ. ಅಪ್ಪ ವೈ ಕೊಡುತ್ತೇನೆ ಎಂದು ಆರಿಸಲಿಲ್ಲ. ಅಪ್ಪನಿಗೆ ಇದನ್ನು ಹೇಳಿ, ನಿಮ್ಮ ಅಮ್ಮನಿಗೆ ನೀವೇ ಹೇಳಿ ಎಂದೆ. ಹೇಳಿದರಂತೆ. ಅಪ್ಪನ ತಾಯಿ ಪೂರ್ತಿ ಒಪ್ಪಿದರು ಎಂದು ನಾನು ಹೇಳಲಾರೆ. ಫೋನಿನಲ್ಲಿ ಆ ಮಾತು ಮತ್ತೆ ಬರಲಿಲ್ಲ, ಅಷ್ಟೇ ಗೊತ್ತು.

ಇಷ್ಟರಲ್ಲಿ ಇನ್ನೊಂದು ಅವಸರ ಎದುರಿಗಿತ್ತು. ಅಜ್ಜಿಯ ಚಿಕ್ಕ ಮಗಳು, ಅಂದರೆ ಹುಡುಗನ ಚಿಕ್ಕಮ್ಮ, ಯಶವಂತಪುರದಲ್ಲಿದ್ದಾರೆ. ಮೊದಲ ಬಸಿರು. ಅಕ್ಕ ನನ್ನ ಹತ್ತಿರ ಬಂದ ದಿನ ಅವರಿಗೆ ಏಳು ವಾರ. ಅಜ್ಜಿಯಲ್ಲಿ ಜೀನ್ ಇದೆ ಎಂದರೆ ಚಿಕ್ಕಮ್ಮನಲ್ಲಿ ಇರುವ ಸಾಧ್ಯತೆ ಅರ್ಧಕ್ಕರ್ಧ. ಯಾರೋ ಅವರಿಗೆ ಸಿಪಿಕೆ ಮಾಡಿಸಿ, "ನಾರ್ಮಲ್ ಇದೆ, ಚಿಂತೆ ಬೇಡ" ಅಂದಿದ್ದರು. ಆ ಮಾತನ್ನು ನಂಬಿ ಸುಮ್ನೆ ಕೂತಿದ್ದರೆ ಕಷ್ಟವಾಗುತ್ತಿತ್ತು. ಜೀನ್ ಹೊತ್ತ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಸಿಪಿಕೆ ಸರಿಯಾಗಿಯೇ ಇರುತ್ತದೆ.

ಕಾರಣ ಇದು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ತೀರಾ ಮೊದಲೇ, ಭ್ರೂಣವಾಗಿದ್ದಾಗಲೇ ಮುದುಡಿ ಮಲಗಿಬಿಡುತ್ತದೆ. ಯಾವ ಕೋಶದಲ್ಲಿ ಯಾವುದು ಎಂಬುದಕ್ಕೆ ಲೆಕ್ಕವಿಲ್ಲ. ಮೇರಿ ಲಿಯಾನ್ ಎಂಬ ವಿಜ್ಞಾನಿ ಇದನ್ನು 1961ರಲ್ಲಿ ಹೇಳಿದರು. ಒಳ್ಳೆಯ ಎಕ್ಸ್ ಹೆಚ್ಚು ಕೋಶಗಳಲ್ಲಿ ಎಚ್ಚರವಿದ್ದರೆ ಏನೂ ಗೊತ್ತಾಗುವುದಿಲ್ಲ. ಕೆಟ್ಟದ್ದು ಹೆಚ್ಚು ಕಡೆ ಎಚ್ಚರವಿದ್ದರೆ ಕಾಲುಸೆಳೆತ, ಮೆಟ್ಟಿಲು ಹತ್ತುವಾಗ ಆಯಾಸ, ಕೆಲವರಿಗೆ ಹೃದಯದ ತೊಂದರೆ. ಹುಡುಗನ ಅಮ್ಮನಿಗೆ ಎರಡು ಮಹಡಿ ಹತ್ತುವುದರೊಳಗೆ ತೊಡೆ ಬಿಗಿಯುತ್ತಿತ್ತು. ಹೊಲಿಗೆ ಮಷೀನ್ ತುಳಿದು ಹೀಗೆ ಅಂದುಕೊಂಡಿದ್ದರು. ಅವರಿಗೂ ಅಜ್ಜಿಗೂ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದೆವು. ಸರಿಯಾಗಿದೆ. ಆದರೂ ಕೆಲವು ವರ್ಷಕ್ಕೊಮ್ಮೆ ಮಾಡಿಸುತ್ತಲೇ ಇರಬೇಕು.

ಚಿಕ್ಕಮ್ಮನ ಜೀನ್ ಪರೀಕ್ಷೆಯ ಫಲಿತಾಂಶ ಬರುವಾಗ ಹನ್ನೊಂದು ವಾರ ತುಂಬಿತ್ತು. ಅವರಲ್ಲೂ ಇದೆ.

ಚಿಕ್ಕಮ್ಮ ಗಂಡನ ಜೊತೆ ಬಂದರು. ನಾಲ್ಕು ಸಾಧ್ಯತೆ ಬರೆದು ತೋರಿಸಿದೆ. ಕಾಯಿಲೆಯಿರುವ ಗಂಡು, ಇಲ್ಲದ ಗಂಡು, ಜೀನ್ ಹೊತ್ತ ಹೆಣ್ಣು, ಹೊರದ ಹೆಣ್ಣು. ನಾಲ್ಕೂ ಸಮಪಾಲು. ಅಕ್ಕನ ಮಗನಿಗೆ ಬಂದಿದೆ, ಹಾಗಾಗಿ ಇವರಿಗೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲ. ಪ್ರತಿ ಬಸಿರಿಗೂ ಪಾಲು ಹೊಸದಾಗಿ ಬೀಳುತ್ತದೆ. ಮಾಸುವಿನ ಚೂರು ತೆಗೆದು ಹನ್ನೆರಡನೇ ವಾರದಲ್ಲಿ ಪರೀಕ್ಷಿಸಬಹುದು. ಅದರಲ್ಲಿ ಸಣ್ಣ ಪ್ರಮಾಣದ ಗರ್ಭಪಾತದ ಅಪಾಯ ಇದೆ. ಮಾಡಿಸದೇ ಇರುವುದೂ ಅವರ ಹಕ್ಕು. ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಹೇಳಬಾರದು. ಆವತ್ತು ಆಕೆ ನನ್ನ ಕೈ ಹಿಡಿದು "ನೀವೇ ಹೇಳಿ ಅಕ್ಕ" ಅಂದಾಗ ಬಾಯಿ ಮುಚ್ಚಿಕೊಂಡಿರುವುದು ಸುಲಭವಾಗಿರಲಿಲ್ಲ.

ಮಾಡಿಸಿದರು. ಇಲ್ಲೊಂದು ವಿಷಯ ಹೇಳಲೇಬೇಕು. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಅದೇ ಕಾಯಿದೆ ಇಂಥ ಲಿಂಗಸಂಬಂಧಿ ಕಾಯಿಲೆಗಳ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಹಾಗಾಗಿ ನೋಂದಾಯಿತ ಕೇಂದ್ರದಲ್ಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಮಾಡುತ್ತಾರೆ. ಲ್ಯಾಬಿಗೆ ಲಿಂಗ ಗೊತ್ತಾಗುತ್ತದೆ, ಗೊತ್ತಾಗದೆ ಫಲಿತಾಂಶ ಹೇಳಲಾಗದು. ಮನೆಯವರಿಗೆ ಹೇಳುವುದು ಕಾಯಿಲೆ ಇದೆಯೋ ಇಲ್ಲವೋ ಅಷ್ಟು ಮಾತ್ರ. ಚಿಕ್ಕಮ್ಮನ ಮಗುವಿಗೆ ಕಾಯಿಲೆ ಇಲ್ಲ ಎಂದು ವರದಿ ಬಂತು. ಅಜ್ಜಿ ಮೆಲ್ಲಗೆ ಕೇಳಿದರು, "ಹಾಗಾದ್ರೆ ಹೆಣ್ಣೇ ಇರಬೇಕು ಅಲ್ವಾ?" ಕಾಯಿಲೆಯಿಲ್ಲದ ಗಂಡೂ ಆಗಬಹುದು, ಹೆಣ್ಣೂ ಆಗಬಹುದು, ಹುಟ್ಟಿದ ಮೇಲೆ ನೋಡೋಣ ಅಜ್ಜಿ ಎಂದೆ.

ಹುಡುಗನ ತಂಗಿಗೂ ಈಗಲೇ ಪರೀಕ್ಷೆ ಮಾಡಿಬಿಡಿ ಎಂದು ಮನೆಯವರೆಲ್ಲ ಕೇಳಿದರು. ನಾನು ಬೇಡ ಎಂದೆ. ಅವಳಲ್ಲಿ ಈಗ ಯಾವ ಲಕ್ಷಣವೂ ಇಲ್ಲ. ಇದ್ದರೂ ಇಲ್ಲದಿದ್ದರೂ ಈಗ ಮಾಡುವಂಥದ್ದು ಏನಿಲ್ಲ. ನಾಲ್ಕು ವರ್ಷದ ಮಗುವಿನ ಹಣೆಗೆ ಆ ಚೀಟಿ ಅಂಟಿಸಿದರೆ, ನಾಳೆ ಅವಳ ಮದುವೆಯ ಮಾತು ಬಂದಾಗ ಅದು ಅವಳಿಗಿಂತ ಮೊದಲು ಊರಿಗೆ ಗೊತ್ತಿರುತ್ತದೆ. ಬೆಳೆದು, ತಿಳಿದು, ಅವಳೇ ಬಂದು ಕೇಳಲಿ. ಅಲ್ಲಿಯವರೆಗೆ ಅಣ್ಣನ ವರದಿಯನ್ನು ಜೋಪಾನವಾಗಿಡಿ ಎಂದೆ. ಯಾವ ತುಂಡು ಹುಡುಕಬೇಕೆಂದು ಗೊತ್ತಿದ್ದರೆ ಮುಂದಿನ ಪರೀಕ್ಷೆಯೆಲ್ಲ ಸಲೀಸು.

ಹುಡುಗನಿಗೆ ಸ್ಟೀರಾಯ್ಡ್ ಶುರುವಾಗಿದೆ. ಬಾಕಿಯಿದ್ದ ಲಸಿಕೆಗಳನ್ನು ಅದಕ್ಕೆ ಮೊದಲೇ ಮುಗಿಸಿದರು. ಸ್ಟೀರಾಯ್ಡ್ ಗುಣಪಡಿಸುವ ಔಷಧಿಯಲ್ಲ. ಆದರೆ ನಡೆಯುವ ಕಾಲವನ್ನು ಕೆಲವು ವರ್ಷ ಮುಂದಕ್ಕೆ ಹಾಕುತ್ತದೆ. ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ತೂಕ ಏರದಂತೆ ನೋಡಿಕೊಳ್ಳಬೇಕು. ದಿನಾ ಹಿಮ್ಮಡಿಯ ಸ್ನಾಯು ಎಳೆದು ಸಡಿಲಿಸುವುದನ್ನು ಅಪ್ಪ ಕಲಿತಿದ್ದಾರೆ. ಅರಿವಳಿಕೆ ಕೊಡುವ ಸಂದರ್ಭ ಬಂದರೆ ಈ ಕಾಯಿಲೆ ಇದೆ ಎಂದು ಮೊದಲೇ ಹೇಳಬೇಕು, ಕೆಲವು ಔಷಧಿ ಇವರಿಗೆ ಪ್ರಾಣಾಪಾಯ. ಅದನ್ನು ಒಂದು ಕಾರ್ಡಿನಲ್ಲಿ ಬರೆದು ಶಾಲೆಯ ಬ್ಯಾಗಿನಲ್ಲಿಟ್ಟಿದ್ದಾರೆ. 51ನೇ ತುಂಡನ್ನು ಓದದೆ ದಾಟುವಂತೆ ಮಾಡುವ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಲೆಕ್ಕದ ಪ್ರಕಾರ ಈ ಹುಡುಗನಿಗೆ ಅದು ಹೊಂದುತ್ತದೆ. ವರ್ಷಕ್ಕೆ ಕೋಟಿ ಮೀರುವ ಬೆಲೆ. ಅದರಿಂದ ಹುಟ್ಟುವ ಡಿಸ್ಟ್ರೊಫಿನ್ ತೀರಾ ಕಡಿಮೆ. ಅಪ್ಪ ಮನೆಯ ಸೈಟ್ ಮಾರುವ ಮಾತಾಡಿದಾಗ ಇದನ್ನು ನೇರವಾಗಿಯೇ ಹೇಳಿದೆ.

ಆ ದುಡ್ಡಿನ ಯೋಚನೆ ಬಿಟ್ಟು ನೆಲಮಹಡಿಯ ಮನೆಗೆ ಬಂದಿದ್ದಾರೆ. ಶಾಲೆಯಲ್ಲಿ ಮೇಷ್ಟ್ರು ಕ್ಲಾಸನ್ನು ಮೇಲಿನಿಂದ ಕೆಳಗೆ ತಂದಿದ್ದಾರೆ. 2016ರ ಅಂಗವಿಕಲರ ಹಕ್ಕು ಕಾಯಿದೆಯ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಇದೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಿದ್ದಾರೆ.

ಕಳೆದ ಸಲ ಬಂದಾಗ ಅಜ್ಜಿ ನನ್ನ ಹಾಳೆಯನ್ನು ಮತ್ತೆ ತೆಗೆಸಿದರು. ತನ್ನ ವೃತ್ತದ ಮೇಲೆ ಬೆರಳಿಟ್ಟು, "ಇದರ ಮೇಲೆ ನಮ್ಮಮ್ಮ. ಅಮ್ಮನ ಅಕ್ಕ ಒಬ್ಬಳಿದ್ದಳು, ನಮ್ಮ ದೊಡ್ಡಮ್ಮ. ಮಾಗಡಿ ಕಡೆಗೆ ಕೊಟ್ಟಿದ್ದು. ಅವಳಿಗೂ ಇಬ್ಬರು ಗಂಡುಮಕ್ಕಳು ನಡೆಯದೆ ಹೋದರು" ಅಂದರು. ನಾನು ಎರಡು ಚೌಕ ಬರೆದು ಕಪ್ಪು ತುಂಬಿದೆ. ಹೆಣ್ಣುಮಕ್ಕಳು ಎಷ್ಟು ಎಂದು ಕೇಳಿದೆ. ಮೂವರು. ಅವರಿಗೆ ಹೆಣ್ಣುಮಕ್ಕಳು? ಅಜ್ಜಿ ಬೆರಳು ಮಡಿಸುತ್ತಾ ಎಣಿಸಿದರು. ಹಾಳೆ ಸಾಲಲಿಲ್ಲ, ಇನ್ನೊಂದು ಅಂಟಿಸಿದೆವು.

ಹೊರಗೆ ಕಾರಿಡಾರಿನಲ್ಲಿ ಕೂತು ಅವರೇ ಫೋನ್ ಮಾಡಿದರು. ಬಾಗಿಲು ತೆರೆದಿತ್ತು, ನನಗೆ ಕೇಳುತ್ತಿತ್ತು. "ನಾನು ಕುಣಿಗಲ್ ಚಿಕ್ಕಮ್ಮ ಮಾತಾಡ್ತಿರೋದು. ನೀನು ನಮ್ಮ ದೊಡ್ಡಮ್ಮನ ಮೊಮ್ಮಗಳಲ್ವಾ? ಹೆದರಬೇಡ ಕಂದ, ಒಂದು ವಿಷಯ ಹೇಳಬೇಕಿತ್ತು. ಕೂತ್ಕೋ ಮೊದಲು."